ಮೆಟ್ಟಿಲ ಕೆಳಗಿನ ಮಷೀನು, ಮರೆಪ್ಪನ ವ್ಯಾನು

ಆವತ್ತು ಹುಳಿಮಾವಲ್ಲಿ ಬಿದ್ದ ಮಳೆ ಹೆಂಗಿತ್ತು ಅಂದ್ರೆ, ಕಾಗೆಗಳು ಹಾರೋದು ಬಿಟ್ಟು ನಮ್ಮ ಕಾಂಪೌಂಡ್ ಗೋಡೆ ಮೇಲೆ ನಡ್ಕೊಂಡು ಹೋಗ್ತಿದ್ವು. ಒಂದು ಕಾಗೆ ಸಜ್ಜಾ ಕೆಳಗೆ ಬಂದು ನಿಂತು, ಒಳಗೆ ಕರೀತಾರೇನೋ ಅಂತ ನನ್ನ ಮುಖಾನೇ ನೋಡ್ತಿತ್ತು. ಬೇರೆ ದಿನ ಆಗಿದ್ರೆ ಕರೆದು ಕಾಫಿ ಕೊಡ್ತಿದ್ದೆ. ಆವತ್ತು ನನಗೆ ಕಾಗೆ ಯೋಚನೆ ಇರ್ಲಿಲ್ಲ. ಆ ಮಳೇಲಿ ನನ್ನ ಮೊಮ್ಮಗಳು ಬಿಂದುಶ್ರೀ ಸ್ಕೂಲ್ ವ್ಯಾನಲ್ಲಿದ್ಲು. ಜೆ.ಪಿ. ನಗರದ ಸ್ಕೂಲಿಂದ ವ್ಯಾನು ಆಗ್ಲೇ ಹೊರಟಿದೆ ಅಂತ ಮಿಸ್ಸು ಫೋನಲ್ಲಿ ಹೇಳಿದ್ರು. ಮನೆಗೆ ಬಂದಿರ್ಲಿಲ್ಲ. ಡ್ರೈವರ್ ಮರೆಪ್ಪನ ಫೋನು ಸ್ವಿಚ್ ಆಫ್.

ಮಾಮೂಲಿ ದಿನ ನನಗೆ ಈ ಭಯ ಇಲ್ಲ. ನನ್ನ ಫೋನಲ್ಲಿ ಮ್ಯಾಪ್ ಮೇಲೆ ಒಂದು ಹಳದಿ ಚುಕ್ಕಿ ಬರ್ತದೆ, ಅದೇ ಮರೆಪ್ಪನ ವ್ಯಾನು. ನಾನು ಓದಿದ್ದು ಅಷ್ಟಕ್ಕಷ್ಟೇ. ಮೂರನೇ ಕ್ಲಾಸಲ್ಲಿ ಮೇಷ್ಟ್ರು ನೀನು ಎಮ್ಮೆ ಕಾಯಕ್ಕೆ ಹೋಗು ಅಂದ್ರು, ಖುಷಿಯಾಗಿ ಹೋದೆ, ಎಮ್ಮೆ ಕೂಡ ಖುಷಿಯಾಗೇ ಇತ್ತು. ಆದ್ರೆ ಆ ಚುಕ್ಕೀನ ಮಾತ್ರ ಬೇರೆಯವರು ಪೇಪರ್ ಓದೋ ಹಾಗೆ ಓದ್ತೀನಿ. ಚುಕ್ಕಿ ಅರಕೆರೆ ಸಿಗ್ನಲ್ ದಾಟ್ತು ಅಂದ್ರೆ ಚಪ್ಪಲಿ ಮೆಟ್ಕೊಂಡು ಗೇಟ್ ಹತ್ರ ಹೋಗ್ತೀನಿ.

ಆವತ್ತು ಚುಕ್ಕಿ ಇಲ್ಲ. ಮ್ಯಾಪ್ ಇದೆ, ರಸ್ತೆ ಇದೆ, ಚುಕ್ಕಿ ಮಾಯ. ಚಕ್ರ ಒಂದು ಸುಮ್ನೆ ಗಿರಗಿರ ಸುತ್ತುತಾ ಇತ್ತು.

ಆ ಚುಕ್ಕಿ ಹುಟ್ಟೋದು ಎಲ್ಲಿ ಅಂತ ಕೇಳಿದ್ರೆ, ನಮ್ಮನೆ ಮೆಟ್ಟಿಲ ಕೆಳಗೇ. ನಮ್ಮ ಮೊದಲ್ನೇ ಮಹಡೀಲಿ ಬಾಡಿಗೆಗೆ ಇರೋದು ದಾವಣಗೆರೆ ಕಡೆ ಲಿಂಗಾಯತರ ಹುಡುಗಿ ಶಿಲ್ಪಶ್ರೀ, ಅವಳ ಗಂಡ ವಿಜಯಕುಮಾರ್. ಸ್ಕೂಲ್ ವ್ಯಾನುಗಳಿಗೆ ಬೆಂಕಿಪೊಟ್ಟಣದಂಥ ಡಬ್ಬಿ ಕೂರಿಸೋದು ಅವರ ವ್ಯಾಪಾರ. ಡಬ್ಬಿ ತಾನೆಲ್ಲಿದ್ದೀನಿ ಅಂತ ಮೆಟ್ಟಿಲ ಕೆಳಗಿನ ಮಷೀನಿಗೆ ಹೇಳ್ತದೆ, ಮಷೀನು ನಮ್ಮ ಫೋನಿಗೆ ಹೇಳ್ತದೆ. ಅದನ್ನ ಸರ್ವರ್ ಅಂತಾರೆ. ನಮ್ಮ ಹಳೇ ಟ್ರಂಕನ್ನ ಎತ್ತಿ ನಿಲ್ಲಿಸಿದ ಹಾಗಿದೆ ನೋಡಕ್ಕೆ, ನೆತ್ತಿ ಮೇಲೆ ಜಾಲರಿ ಥರ ತೂತು. ಮೆಟ್ಟಿಲ ಕೆಳಗಿನ ಆ ಸಣ್ಣ ರೂಮಲ್ಲೇ ನಮ್ಮ ಮೀಟರ್ ಬೋರ್ಡೂ ಇರೋದು, ಅದಕ್ಕೆ ಒಂದು ಕೀ ನಮ್ಮ ಹತ್ರಾನೂ ಇದೆ.

ನಾನು ಓಡಿ ಹೋದಾಗ ಶಿಲ್ಪಮ್ಮ ನೆಲದ ಮೇಲೆ ಕೂತಿದ್ಲು, ಕೀಬೋರ್ಡು ತೊಡೆ ಮೇಲೆ. ವಿಜಯಕುಮಾರ್ ಸಿದ್ದಾಪುರಕ್ಕೆ ಡಬ್ಬಿ ಕೂರಿಸಕ್ಕೆ ಹೋದೋನು ಅಲ್ಲೇ ಮಳೇಲಿ ಸಿಕ್ಕಾಕೊಂಡಿದ್ದ. ಪರದೆ ಕಪ್ಪು. ಬಿಳೀ ಅಕ್ಷರ ಸಾಲು ಸಾಲಾಗಿ ಓಡಿ ಬಂದು ಎಲ್ಲೋ ಒಂದು ಕಡೆ ಗಕ್ಕನೆ ನಿಂತುಬಿಡ್ತಿತ್ತು, ಮದುವೆ ಮನೇಲಿ ಊಟಕ್ಕೆ ನುಗ್ಗಿದ ಜನ ಬಾಗಿಲಲ್ಲಿ ಸಿಕ್ಕಾಕೊಂಡ ಹಾಗೆ.

ಏನಮ್ಮ ಇದು ಅಂದೆ. ಮಷೀನು ಬಿದ್ದೋಗಿದೆ ಅಂಕಲ್ ಅಂದ್ಲು. ನನಗೆ ನಿಂತಿರೋ ಹಾಗೇ ಕಾಣ್ತಿತ್ತು. ಅವಳು ಕೀಬೋರ್ಡ್ ಕುಟ್ಟುತ್ತಾನೇ ಬಿಡಿಸಿ ಹೇಳಿದ್ಲು. ಮಷೀನೊಳಗೆ ಲಿನಕ್ಸ್ ಅಂತ ಒಂದಿದೆ, ಅದರ ಹೊಟ್ಟೇಲಿ ಕರ್ನಲ್ ಅಂತ ಒಬ್ಬ ಯಜಮಾನ. ಯಾವ ಕೆಲಸ ಯಾರು ಮಾಡ್ಬೇಕು, ಯಾವ ಸಾಮಾನು ಎಲ್ಲಿ ಇಡ್ಬೇಕು, ಎಲ್ಲಾ ಅವನದೇ ಹುಕುಂ. ತನ್ನ ಲೆಕ್ಕ ತನಗೇ ತಾಳೆ ಆಗ್ಲಿಲ್ಲ ಅಂದ್ರೆ, ತಪ್ಪು ಕೆಲಸ ಮಾಡೋದಕ್ಕಿಂತ ಏನೂ ಮಾಡದೇ ಇರೋದು ವಾಸಿ ಅಂತ ಅವನು ಎಲ್ಲಾ ಕೈಬಿಟ್ಟು ನಿಂತುಬಿಡ್ತಾನೆ. ಕೊನೇ ಸಾಲಲ್ಲಿ ಪ್ಯಾನಿಕ್, ಅಂದ್ರೆ ಗಾಬರಿ, ಅಂತ ಬರೆದು ನಿಲ್ತಾನೆ.

ಗಾಬರಿ ನನಗೂ ಆಗಿತ್ತು. ನನ್ನನ್ನ ಆಫ್ ಮಾಡಿ ಆನ್ ಮಾಡೋರು ಯಾರೂ ಇರ್ಲಿಲ್ಲ, ಅಷ್ಟೇ.

ಅವಳ ಪಕ್ಕದಲ್ಲಿದ್ದ ಫೋನು ಬಾಣಲೇಲಿ ಹಾಕಿದ ಸಾಸಿವೆ ಥರ ಸಿಡೀತಾ ಇತ್ತು. ಎಲ್ಲಾ ಮಕ್ಕಳ ಅಪ್ಪ ಅಮ್ಮಂದಿರು. ನಾನೇ ಎತ್ತಿ ಮಾತಾಡ್ದೆ. ಮಿಕ್ಕ ವ್ಯಾನಿನ ಡ್ರೈವರುಗಳು ಫೋನಿಗೆ ಸಿಕ್ಕಿದ್ರು, ಒಬ್ಬ ಪೆಟ್ರೋಲ್ ಬಂಕಲ್ಲಿ ನಿಂತಿದ್ದ, ಇನ್ನೊಬ್ಬ ಮಕ್ಕಳನ್ನ ಆಗ್ಲೇ ಇಳಿಸಿದ್ದ. ಸಿಗದೇ ಇದ್ದೋನು ಮರೆಪ್ಪ ಒಬ್ನೇ. ನನ್ನ ಸೊಸೆ ಮೇಘಶ್ರೀ ಆಫೀಸಿಂದ ಹೊರಟು ಬಸ್ಸಲ್ಲಿ ಕೂತಿದ್ಲು, ಬಸ್ಸು ಬಿ.ಟಿ.ಎಂ. ಲೇಔಟಲ್ಲಿ ಬೇರು ಬಿಟ್ಟು ನಿಂತಿತ್ತು. ಪಾಪು ಬಂತಾ ಮಾವ ಅಂತ ಕೇಳಿದ್ಲು. ಬರ್ತಾ ಇದೆಯಮ್ಮ ಅಂದೆ. ಜೀವಮಾನದಲ್ಲಿ ಬೇಕಾದಷ್ಟು ಬುರುಡೆ ಬಿಟ್ಟಿದ್ದೀನಿ, ಆನೆ ಜೊತೆ ಲಗೋರಿ ಆಡಿದ್ದೀನಿ ಅಂತ ಜನಾನ ನಂಬ್ಸಿದ್ದೀನಿ. ಆ ಎರಡು ಮಾತು ಹೇಳಕ್ಕೆ ಮಾತ್ರ ಬಾಯಿ ಒಣಗಿಹೋಯ್ತು.

ಅಷ್ಟರಲ್ಲಿ ಮಗ ಕೆಂಪರಾಜು ಫೋನ್ ಮಾಡ್ದ. ಸುಬ್ರಹ್ಮಣ್ಯಪುರದಲ್ಲಿ ಅವನದು ಪೇಂಟ್ ಅಂಗಡಿ. ಷಟರ್ ಎಳೆದು ಬೈಕ್ ತಗೊಂಡು ಹೊರಟಿದ್ದ. ಗಾಳಿ ಮಳೆ ಸದ್ದಲ್ಲಿ ಕಿರುಚಿ ಕಿರುಚಿ ಮಾತಾಡ್ತಿದ್ದ.

"ಅಪ್ಪಾ, ನಾನು ಎರಡು ದಾರಿ ಮಧ್ಯ ನಿಂತಿದ್ದೀನಿ. ಬನ್ನೇರುಘಟ್ಟ ರೋಡಿಗೆ ಹೋಗ್ಲಾ, ಕೊತ್ತನೂರು ಕಡೆಗೆ ಹೋಗ್ಲಾ? ಒಂದ್ಸಲ ಒಂದು ಕಡೆ ನುಗ್ಗಿದ್ರೆ ಈ ಜಾಮಲ್ಲಿ ವಾಪಸ್ ಬರಕ್ಕಾಗಲ್ಲ. ಮರೆಪ್ಪ ಯಾವ ಕಡೆ ಹೋಗವನೆ ಅಂತ ಅಷ್ಟು ಕೇಳಿ ಹೇಳು."

ಶಿಲ್ಪಮ್ಮನ ಮುಖ ನೋಡ್ದೆ. ಅವಳಿಗೂ ಕೇಳಿಸಿತ್ತು. ಮತ್ತೆ ಮಷೀನ್ ಆನ್ ಮಾಡಿದ್ಲು. ಅಕ್ಷರ ಓಡಿ ಬಂತು, ನಿಂತ್ಕೊಂತು, ಪ್ಯಾನಿಕ್. ಅವಳು ಫೋನ್ ತಗೊಂಡು ಪರದೆ ಫೋಟೋ ಹೊಡೆದ್ಲು. ಮತ್ತೆ ಆನ್, ಮತ್ತೆ ಬಿತ್ತು, ಮತ್ತೆ ಫೋಟೋ. ನನಗೆ ರೇಗಿಹೋಯ್ತು. ಮಗು ಎಲ್ಲಿದೆಯೋ ಗೊತ್ತಿಲ್ಲ, ಇವಳು ಮದುವೆ ಫೋಟೋಗ್ರಾಫರ್ ಥರ ಕ್ಲಿಕ್ ಕ್ಲಿಕ್ ಅಂತಾಳಲ್ಲ ಅಂತ. ಬಾಯಿಬಿಟ್ಟು ಹೇಳೂಬಿಟ್ಟೆ. ಅವಳು ಕೋಪ ಮಾಡ್ಕೊಳ್ಳಲಿಲ್ಲ. ಬೀಳೋಕೆ ಮುಂಚೆ ಏನು ಹೇಳಿ ಬೀಳುತ್ತೆ ಅನ್ನೋದು ಬೇಕು ಅಂಕಲ್, ಆಫ್ ಮಾಡಿದ್ರೆ ಅದು ಅಳಿಸಿ ಹೋಗುತ್ತೆ ಅಂದ್ಲು.

ವಿಜಯಕುಮಾರ್ ಸಿದ್ದಾಪುರದಿಂದ ಫೋನಲ್ಲಿ ಅವಸರ ಮಾಡ್ತಿದ್ದ. ಡಿಸ್ಕ್ ಕೆಟ್ಟಿರ್ಬೇಕು, ರಿಪೇರಿ ಮಾಡೋ ಕಮಾಂಡ್ ಓಡಿಸು, ಕೇಳಿದ್ದಕ್ಕೆಲ್ಲ ಎಸ್ ಹೇಳ್ಕೊಂಡು ಹೋಗು, ಎದ್ಬಿಡುತ್ತೆ ಅಂತಿದ್ದ. ನಾನೂ ಅವನ ಕಡೆಗೇ ಸೇರ್ಕೊಂಡೆ. ಎಸ್ ಅನ್ನಮ್ಮ, ಬೇಕಾದ್ರೆ ನಾನು ಅಂತೀನಿ ಅಂದೆ.

ಶಿಲ್ಪಮ್ಮ ಕೈ ತೆಗೆದು ಮಡಿಲಲ್ಲಿ ಇಟ್ಕೊಂಡ್ಲು.

"ಇಲ್ಲ ರೀ. ಯಾಕೆ ಬೀಳ್ತಾ ಇದೆ ಅಂತ ಗೊತ್ತಾಗೋವರೆಗೂ ಡಿಸ್ಕ್ ಮೇಲೆ ಒಂದಕ್ಷರ ಬರೆಯಲ್ಲ. ಮರೆಪ್ಪನ ದಾರಿ ಇರೋದೇ ಅದರಲ್ಲಿ. ತಲೆ ಕೆಟ್ಟಿರೋ ಮಷೀನ್ ಕೈಲಿ ರಿಪೇರಿ ಮಾಡಿಸಿದ್ರೆ ಇರೋದನ್ನೂ ಅಳಿಸಿ ಹಾಕುತ್ತೆ."

ಆ ಕಡೆ ವಿಜಯಕುಮಾರ್ ಹಾಗಾದ್ರೆ ನಿನ್ನಿಷ್ಟ ಅಂದ. ಇನ್ನೊಂದು ಸ್ಪೇರ್ ಮಷೀನ್ ಇತ್ತಂತೆ, ಅದು ದಸರಾಗೆ ಮುಂಚೇನೇ ರಿಪೇರಿಗೆ ಹೋಗಿತ್ತು. ಇದನ್ನ ಬಿಟ್ರೆ ಬೇರೆ ಗತಿ ಇರ್ಲಿಲ್ಲ.

ಅವಳು ಒಂದು ಪೆನ್ ಡ್ರೈವ್ ಚುಚ್ಚಿದ್ಲು. ಪೂರ್ತಿ ಎಬ್ಬಿಸಲ್ಲ, ಅರ್ಧ ನಿದ್ದೇಲಿ ಎಬ್ಬಿಸ್ತೀನಿ, ಯಾವ ಕೆಲಸಾನೂ ಹಚ್ಚಲ್ಲ, ಡಿಸ್ಕಲ್ಲಿ ಇರೋದನ್ನ ಓದಕ್ಕಷ್ಟೇ ಬಿಡ್ತೀನಿ ಅಂದ್ಲು. ಹಸುಗೂಸು ಪಕ್ಕ ಮಲಗಿದ್ದಾಗ ಬೀರು ಬಾಗಿಲು ತೆಗೆಯೋ ಹಾಗೆ ಮೆಲ್ಲಗೆ ಒಂದೊಂದೇ ಕೀ ಒತ್ತಿದ್ಲು. ನಾನು ಉಸಿರು ಬಿಡೋದನ್ನೇ ನಿಲ್ಲಿಸಿದ್ದೆ. ಮೀಟರ್ ಬೋರ್ಡಿನ ಚಕ್ರ ಕೂಡ ನಿಂತಿತ್ತು ಅಂತ ಕಾಣ್ತದೆ.

ಸಿಕ್ತು. ಮರೆಪ್ಪನ ವ್ಯಾನು ಕೊನೇ ಸಲ ಮಾತಾಡಿದ ಸಾಲು. ಬರೀ ಅಂಕಿ. ಅವಳು ಆ ಅಂಕೀನ ತನ್ನ ಫೋನಿನ ಮ್ಯಾಪಿಗೆ ಹಾಕಿದ್ಲು. ಚುಕ್ಕಿ ಬಿದ್ದಿದ್ದು ಕೊತ್ತನೂರು ಹಿಂದಿನ ತಗ್ಗು ರಸ್ತೆ ಮೇಲೆ, ಪಕ್ಕದಲ್ಲೇ ಊರಿನ ಮಳೆನೀರೆಲ್ಲ ಹರಿಯೋ ರಾಜಕಾಲುವೆ.

ಆ ರಸ್ತೆ ನನಗೆ ಚೆನ್ನಾಗಿ ಗೊತ್ತು. ಯಾರಾದ್ರೂ ಜೋರಾಗಿ ಸೀನಿದ್ರೂ ಸಾಕು, ಅಲ್ಲಿ ನೀರು ನಿಲ್ತದೆ. ಮುಂದಿನ ಸಾಲು ಓದಕ್ಕೆ ಶಿಲ್ಪಮ್ಮ ಕೈ ಹಾಕಿದ್ಲು, ಮಷೀನು ಮತ್ತೆ ಬಿತ್ತು. ಪರದೆ ಕಪ್ಪಗಾಯ್ತು. ಅರ್ಧ ನಿದ್ದೇಲೇ ಬಿದ್ದಿತ್ತು.

ಕೆಂಪರಾಜುಗೆ ಕೊತ್ತನೂರು ಕಡೆ ಹೋಗು ಅಂದೆ. ರಾಜಕಾಲುವೆ ಅಂತ ಹೇಳಲಿಲ್ಲ, ಹೇಳೋ ಅಗತ್ಯಾನೂ ಇರ್ಲಿಲ್ಲ. ಅವನು ಅಲ್ಲೇ ಗಾಳಿಪಟ ಹಾರಿಸಿ ಬೆಳೆದ ಹುಡುಗ. ಸರಿ ಅಂತಾನೂ ಅನ್ನದೆ ಫೋನ್ ಇಟ್ಟ.

ಕಾಯೋದು ಅಂದ್ರೆ ಏನು ಅಂತ ಆವತ್ತು ಗೊತ್ತಾಯ್ತು. ಗೇಟ್ ಹತ್ರ ಹೋಗ್ತೀನಿ, ವಾಪಸ್ ಬರ್ತೀನಿ. ನಮ್ಮ ಬೀದೀಲಿ ನೀರು ಪಾದ ಮುಳುಗೋ ಅಷ್ಟು ಬಂದಿತ್ತು, ಯಾರದೋ ಮನೆ ಪ್ಲಾಸ್ಟಿಕ್ ಕೊಡ ಒಂದು ಮೆರವಣಿಗೆ ಥರ ತೇಲ್ಕೊಂಡು ಹೋಯ್ತು. ಅದನ್ನ ನೋಡಬಾರದು ಅಂತ ತಿರುಗಿ ಒಳಗೆ ಬಂದೆ. ಕೆಂಪರಾಜು ಫೋನ್ ಬಂತು. ತಗ್ಗು ರಸ್ತೇಗೆ ಬಂದಿದ್ದ. ನೀರು ಸೊಂಟದ ಮಟ್ಟ, ಒಂದು ಕಾರು ಮೂತಿ ಎತ್ಕೊಂಡು ನಿಂತಿದೆ, ವ್ಯಾನ್ ಮಾತ್ರ ಇಲ್ಲ. ಅಲ್ಲಿದ್ದೋರನ್ನ ಕೇಳಿದ್ರೆ ಹಳದಿ ವ್ಯಾನ್ ಒಂದು ನೀರೊಳಗೆ ನಿಂತಿದ್ದು ನೋಡಿದ್ವಿ, ಆಮೇಲೆ ನೋಡ್ಲಿಲ್ಲ ಅಂತಾರೆ. ಆಮೇಲೆ ಎಲ್ಲಿಗೆ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ.

ಶಿಲ್ಪಮ್ಮ ಇದನ್ನೂ ಕೇಳಿಸ್ಕೊಂಡ್ಲು. ಆಮೇಲಿಂದ ಅವಳು ನನ್ನ ಮುಖ ನೋಡ್ಲಿಲ್ಲ. ವ್ಯಾನಿನ ಡಬ್ಬಿ ಸುಮ್ನೆ ಕೂರೋದಲ್ಲ, ಮಷೀನು ಕೇಳಿಸ್ಕೊಳ್ಳದೇ ಇದ್ರೆ ಹೇಳ್ಬೇಕಾಗಿರೋದನ್ನೆಲ್ಲ ಹೊಟ್ಟೇಲಿ ಇಟ್ಕೊಂಡಿರುತ್ತೆ, ಮಷೀನು ಎದ್ದ ತಕ್ಷಣ ಎಲ್ಲಾ ಒಟ್ಟಿಗೆ ಹೇಳುತ್ತೆ ಅಂದ್ಲು. ಎದ್ರೆ ಸಾಕು ಅಂಕಲ್, ಒಂದ್ಸಲ ಎದ್ದು ನಿಂತ್ರೆ ಸಾಕು ಅಂತ ತನಗೇ ಹೇಳ್ಕೊಳ್ಳೋ ಹಾಗೆ ಹೇಳಿದ್ಲು.

ಆಗ ಆ ಫೋಟೋಗಳನ್ನೆಲ್ಲ ತೆಗೆದು ಒಂದರ ಹಿಂದೆ ಒಂದು ನೋಡಕ್ಕೆ ಶುರು ಮಾಡಿದ್ಲು. ನನಗೂ ತೋರಿಸಿದ್ಲು, ನನಗೆ ಎಲ್ಲಾ ಇರುವೆ ಸಾಲಿನ ಹಾಗೇ ಕಾಣ್ತು. ಅವಳು ಬೆರಳಿಟ್ಟು ಹೇಳಿದ್ಲು. ಒಂದ್ಸಲ ಡಿಸ್ಕ್ ಓದುವಾಗ ಬಿದ್ದಿದೆ, ಒಂದ್ಸಲ ನೆಟ್‌ವರ್ಕ್ ಎಬ್ಬಿಸುವಾಗ, ಒಂದ್ಸಲ ಏನೂ ಮಾಡದೇ ಸುಮ್ನೆ ಕೂತಿದ್ದಾಗ. ಒಂದು ಸಲ ಬಿದ್ದ ಕಡೆ ಇನ್ನೊಂದು ಸಲ ಬಿದ್ದಿಲ್ಲ.

ನನಗೆ ತಟ್ಟನೆ ನಮ್ಮೂರ ಪಿಳ್ಳಣ್ಣ ನೆನಪಾದ. ಪಿಳ್ಳಣ್ಣ ದಿನಾ ಒಂದೇ ಗುಂಡಿಗೆ ಬಿದ್ದಿದ್ರೆ ಗುಂಡಿ ಮುಚ್ಚಬಹುದಿತ್ತು. ಅವನು ಸೋಮವಾರ ಗುಂಡಿಗೆ, ಮಂಗಳವಾರ ಜಗಲಿ ಮೇಲೆ, ಬುಧವಾರ ಪೊಲೀಸ್ನೋರ ಮೇಲೆ ಬೀಳ್ತಿದ್ದ. ತೊಂದರೆ ದಾರೀಲಿ ಇರ್ಲಿಲ್ಲ, ಪಿಳ್ಳಣ್ಣನ ಒಳಗೇ ಇತ್ತು. ಅದನ್ನ ಹೇಳ್ದೆ. ಅದೇ ಅಂಕಲ್ ಅಂದ್ಲು ಶಿಲ್ಪಮ್ಮ, ಆ ಗಾಬರೀಲೂ ಒಂದು ಚೂರು ನಕ್ಕಳು. ಯಜಮಾನಂದೂ ತಪ್ಪಿಲ್ಲ, ಡಿಸ್ಕಿಂದೂ ತಪ್ಪಿಲ್ಲ, ಅವನು ಕೈಗೆ ಬಂದಿದ್ದನ್ನ ಇಡ್ತಾನಲ್ಲ ಆ ಮೆಮೊರೀನೇ ಸರಿ ಇಲ್ಲ, ಒಂದು ಇಟ್ರೆ ಇನ್ನೊಂದು ವಾಪಸ್ ಕೊಡ್ತಾ ಇದೆ ಅಂತ ಹೇಳಿ, ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂಡ್ರೈವರ್ ತಗೊಂಡು ಮಷೀನಿನ ಪಕ್ಕದ ತಗಡು ಬಿಚ್ಚಿದ್ಲು.

ತಗಡು ಬಿಚ್ಚಿದ ತಕ್ಷಣ ಒಂದು ವಾಸನೆ ಬಂತು. ಹುಳಿ ವಾಸನೆ. ಅವಳು ಮೂಗು ಹತ್ರ ತಗೊಂಡು ಹೋದ್ಲು, ನಾನೂ ಬಗ್ಗಿದೆ. ಆ ವಾಸನೇನ ನಾನು ಊಟದ ತಟ್ಟೆ ಮುಂದೆ ಕೂತು ಎಷ್ಟೋ ವರ್ಷ ನೋಡಿದ್ದೀನಿ. ಹುಳಿ ಮಜ್ಜಿಗೆ, ಉಪ್ಪು, ಇಂಗು, ಹಸೀ ಮೆಣಸಿನಕಾಯಿ. ಒಳಗೆ ನಿಲ್ಲಿಸಿರೋ ಪಟ್ಟಿಗಳ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿತ್ತು, ಒಂದೆರಡು ಮೆಣಸಿನ ಬೀಜ ಅಂಟ್ಕೊಂಡಿದ್ವು. ತಗಡಿನ ಒಳಗೋಡೆ ಉದ್ದಕ್ಕೂ ಮಜ್ಜಿಗೆ ಇಳಿದ ಗೆರೆ.

ಶಿಲ್ಪಮ್ಮ ನೆತ್ತಿ ಮೇಲಿನ ತೂತುಗಳನ್ನ ನೋಡಿದ್ಲು, ಒಳಗಿನ ಗೆರೆ ನೋಡಿದ್ಲು. ನಾವು ಮನೆ ಓನರ್ರು ಅಂತ ಸುಮ್ಮನಾದ್ಲೋ ಏನೋ.

"ನಾನೇ ಇಟ್ಟಿದ್ದು."

ಬಾಗಿಲಲ್ಲಿ ನನ್ನ ಹೆಂಡ್ತಿ ಗೌರಮ್ಮ ನಿಂತಿದ್ಲು. ಎಷ್ಟು ಹೊತ್ತಿಂದ ನಿಂತಿದ್ಲೋ ಗೊತ್ತಿಲ್ಲ. ದಸರಾಲಿ ಬಿಸಿಲು ಹೊಡೀತು ಅಂತ ಶುರು ಮಾಡಿದ್ಲು, ಮೆಣಸಿನಕಾಯಿ ಸೀಳಿ ಮಜ್ಜಿಗೇಲಿ ನೆನೆಹಾಕಿದೆ, ಆಮೇಲೆ ಮೋಡ ಮುಚ್ಕೊಂತು, ಒಣಗ್ಲಿಲ್ಲ ಅಂದ್ರೆ ಬೂಸ್ಲು ಬರ್ತದೆ. ಇಲ್ಲಿ ಮೀಟರ್ ನೋಡಕ್ಕೆ ಬಂದಾಗ ಮುಟ್ಟಿದ್ರೆ ಈ ಪೆಟ್ಟಿಗೆ ನೆತ್ತಿ ಬೆಚ್ಚಗಿತ್ತು. ದಿನಾ ಮೊರದಲ್ಲಿ ಹರವಿ ಇಟ್ಟು, ಸಾಯಂಕಾಲ ತಗೊಂಡು ಹೋಗಿ ಮತ್ತೆ ಮಜ್ಜಿಗೆಗೆ ಹಾಕ್ತಿದ್ದೆ. ಬಿಸಿಲಿಗಿಂತ ಚೆನ್ನಾಗಿ ಒಣಗ್ತಿತ್ತು. ಇದೆಲ್ಲಾ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ಲು. ಅವಳು ನೋಡ್ತಿದ್ದಿದ್ದು ಶಿಲ್ಪಮ್ಮನ್ನ ಅಲ್ಲ, ನನ್ನನ್ನೂ ಅಲ್ಲ, ಆ ಬಿಳೀ ಹಕ್ಕಳೇನ. ಮಗು ಮಜ್ಜಿಗೆ ಮೆಣಸಿನಕಾಯಿ ಕೇಳ್ತಿತ್ತು, ಅದಕ್ಕೆ ಮಾಡ್ದೆ ಅಂತ ಕೊನೇಲಿ ಸೇರಿಸಿದ್ಲು.

ನನ್ನ ನಾಲಿಗೆ ತುದೀಲಿ ಒಂದು ಮಾತು ಬಂದಿತ್ತು. ಮದುವೆ ಆಗಿ ಇಷ್ಟು ವರ್ಷದಲ್ಲಿ ಅಂಥ ಮಾತು ನಾನು ಅವಳಿಗೆ ಆಡಿರ್ಲಿಲ್ಲ. ಶಿಲ್ಪಮ್ಮ ಅದಕ್ಕೆ ಮುಂಚೇನೇ ಆಂಟಿ, ಟಾರ್ಚ್ ಹಿಡ್ಕೊಳ್ಳಿ, ಇಲ್ಲಿ ಬೆಳಕು ಸಾಲ್ತಿಲ್ಲ ಅಂದ್ಲು. ಗೌರಮ್ಮ ಬಂದು ಟಾರ್ಚ್ ಹಿಡಿದ್ಲು. ಬೆಳಕು ಗೋಡೆ ಮೇಲೆಲ್ಲ ಕುಣೀತಿತ್ತು. ನಾನು ಹೋಗಿ ಅವಳ ಮಣಿಕಟ್ಟು ಹಿಡ್ಕೊಂಡೆ. ಆದ್ರೂ ಬೆಳಕು ನಿಲ್ಲಲಿಲ್ಲ. ಕೊನೆಗೆ ಇಬ್ರೂ ಟಾರ್ಚನ್ನ ಗೋಡೆಗೆ ಆನಿಸಿ ಹಿಡಿದ್ವಿ.

ಮೆಮೊರಿ ಅಂದ್ರೆ ಪಾನಿಪುರಿ ಅಂಗಡಿ ಟೋಕನ್ನಿನ ಥರ ಹಸಿರು ಪಟ್ಟಿ, ಅಂಚಲ್ಲಿ ಚಿನ್ನದ ಹಲ್ಲು. ಅಂಥವು ಎರಡು ಇದ್ವು. ಅವಳು ಕಿತ್ತು ತೆಗೆದು, ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಆ ಹಲ್ಲನ್ನ ಉಜ್ಜಿದ್ಲು. ಸ್ಯಾನಿಟೈಸರ್ ಬಟ್ಟೇಗೆ ಹಾಕಿ ಒರೆಸಿದ್ಲು, ಊದಿದ್ಲು. ಅವಸರ ಇತ್ತು, ಆದ್ರೂ ಉಜ್ಜೋದರಲ್ಲಿ ಅವಸರ ಮಾಡ್ಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಯಾವುದು ಕೆಟ್ಟಿದೆ ಗೊತ್ತಾಗಲ್ಲ ಅಂತ ಒಂದನ್ನೇ ಹಾಕಿ ಆನ್ ಮಾಡಿದ್ಲು.

ಅಕ್ಷರ ಓಡ್ತು. ಮುಂಚೆ ನಿಂತಿದ್ದ ಕಡೆಗಳನ್ನೆಲ್ಲ ದಾಟ್ತು. ನಾನು ಮಂಜುನಾಥನ್ನ, ಮುನೇಶ್ವರನ್ನ, ಅಣ್ಣಮ್ಮನ್ನ ಎಲ್ಲಾರನ್ನೂ ಒಂದೇ ಸಲ ಕರೆದೆ. ಬಿತ್ತು. ಪ್ಯಾನಿಕ್.

ಮೇಘಶ್ರೀ ಫೋನ್ ಬರ್ತಾ ಇತ್ತು, ಎತ್ತಲಿಲ್ಲ, ಎತ್ತಿ ಏನಂತ ಹೇಳೋದು.

ಶಿಲ್ಪಮ್ಮ ಆ ಪಟ್ಟಿ ಕಿತ್ತು ನೆಲದ ಮೇಲೆ ಇಟ್ಲು. ಇನ್ನೊಂದನ್ನ ತಗೊಂಡು, ಈ ಸಲ ಪಕ್ಕದ ಸಂದೀಲಿ, ಮಜ್ಜಿಗೆ ಗೆರೆಯಿಂದ ದೂರ ಇದ್ದ ಸಂದೀಲಿ ಒತ್ತಿದ್ಲು. ಟಕ್ ಅಂತು. ಆನ್ ಮಾಡಿ ಎರಡೂ ಕೈ ಎತ್ತಿ ಹಿಂದಕ್ಕೆ ಸರಿದ್ಲು, ಮುಟ್ಟಿದ್ರೆ ಮತ್ತೆ ಮುನಿಸ್ಕೊಂಬಿಡ್ತದೇನೋ ಅನ್ನೋ ಹಾಗೆ.

ಅಕ್ಷರ ಓಡ್ತು, ಓಡ್ತು, ನಿಲ್ಲಲಿಲ್ಲ. ಡಿಸ್ಕ್ ಬಗ್ಗೆ ಕೇಳ್ತು, ಅಲ್ಲಲ್ಲಿ ತೊಂದರೆ ಇದೆ, ಸರಿ ಮಾಡ್ಲಾ ಅಂತ. ಈ ಸಲ ಶಿಲ್ಪಮ್ಮ ಎಸ್ ಅಂದ್ಲು. ಅದು ಮತ್ತೆ ಕೇಳ್ತು, ಇವಳು ಮತ್ತೆ ಎಸ್ ಅಂದ್ಲು. ಹೆಣ್ಣು ನೋಡಕ್ಕೆ ಬಂದ ಬೀಗರೂ ಅಷ್ಟು ಪ್ರಶ್ನೆ ಕೇಳಲ್ಲ. ಕೊನೆಗೆ ಹೆಸರು ಹೇಳು ಅಂತ ಕೇಳೋ ಸಾಲು ಬಂತು, ಅವಳು ಹೆಸರು ಹೊಡೆದ್ಲು. ಯಜಮಾನ ಎದ್ದು ಕೂತಿದ್ದ.

ಆಮೇಲೆ ಮ್ಯಾಪು ಬಂತು. ಮಿಕ್ಕ ವ್ಯಾನಿನ ಚುಕ್ಕಿಗಳು ಒಂದೊಂದಾಗಿ ಮೂಡಿದ್ವು. ಮರೆಪ್ಪನದು ಬರ್ಲಿಲ್ಲ. ಗೌರಮ್ಮ ಟಾರ್ಚ್ ಆರಿಸೋದನ್ನೇ ಮರೆತು ಹಾಗೇ ಹಿಡ್ಕೊಂಡಿದ್ಲು. ಆಮೇಲೆ ತಗ್ಗು ರಸ್ತೇಲಿ ಹಳದಿ ಚುಕ್ಕಿ ಕಾಣಿಸ್ತು. ಹೊಟ್ಟೇಲಿ ಇಟ್ಕೊಂಡಿದ್ದನ್ನ ಡಬ್ಬಿ ಈಗ ಹೇಳ್ತಿದೆ, ಇದು ಹಿಂದಿನದು, ಈಗಿನದು ಆಮೇಲೆ ಬರುತ್ತೆ ಅಂದ್ಲು ಶಿಲ್ಪಮ್ಮ. ಚುಕ್ಕಿ ಅಲ್ಲೇ ನಿಂತಿತ್ತು. ಬಹಳ ಹೊತ್ತು ಒಂದೇ ಕಡೆ ನಿಂತ ಗುರುತು. ಆಮೇಲೆ ಸರೀತು.

ಸರಿದಿದ್ದು ರಾಜಕಾಲುವೆ ಉದ್ದಕ್ಕೆ.

ವ್ಯಾನು ಓಡೋ ಥರ ಅಲ್ಲ. ಮೆಲ್ಲಗೆ, ಮನುಷ್ಯ ನಡೆಯೋ ವೇಗದಲ್ಲಿ. ಇಷ್ಟು ಸರಿಯೋದು, ನಿಲ್ಲೋದು, ಮತ್ತೆ ಇಷ್ಟು ಸರಿಯೋದು. ಇಂಜಿನ್ ಓಡ್ತಿಲ್ಲ, ಡಬ್ಬಿ ಹೇಳ್ತಾ ಇದೆ ಅಂತ ಶಿಲ್ಪಮ್ಮ ಓದಿದ್ಲು. ಓದಿ ನಾಲಿಗೆ ಕಚ್ಕೊಂಡ್ಲು.

ಇಂಜಿನ್ ಓಡದೇ ಇರೋ ವ್ಯಾನು ಕಾಲುವೆ ಪಕ್ಕ ಸರೀತಾ ಇದೆ ಅಂದ್ರೆ ಏನರ್ಥ ಅಂತ ಮೂರೂ ಜನಕ್ಕೂ ಗೊತ್ತಿತ್ತು. ನಮ್ಮ ಬೀದೀಲಿ ತೇಲಿ ಹೋದ ಆ ಕೊಡ ನನ್ನ ಕಣ್ಣ ಮುಂದೆ ಬಂತು. ಹೇಳಕ್ಕೆ ಒಂದು ಸುಳ್ಳಾದ್ರೂ ಸಿಕ್ತದಾ ಅಂತ ಹುಡುಕ್ದೆ. ಬಾಯಲ್ಲಿ ಏನೂ ಇರ್ಲಿಲ್ಲ. ಕೆಂಪರಾಜುಗೆ ಫೋನ್ ಮಾಡಿ ಕಾಲುವೆ ಪಕ್ಕಾನೇ ಕೆಳಗಡೆ ಹೋಗು, ಬೇಗ ಹೋಗು ಅಂದೆ. ಯಾಕಪ್ಪಾ ಅಂದ. ಹೋಗು ಅಂದೆ. ಲೈನ್ ಕಟ್ಟಾಯ್ತು.

ಚುಕ್ಕಿ ಮತ್ತೆ ಸರೀತು. ಈ ಸಲ ಕಾಲುವೆ ಬಿಟ್ಟು ಅಡ್ಡಕ್ಕೆ ತಿರುಗ್ತು, ಎಡಗಡೆ ಒಂದು ಸಣ್ಣ ರಸ್ತೆಗೆ. ಶಿಲ್ಪಮ್ಮ ಮ್ಯಾಪನ್ನ ದೊಡ್ಡದು ಮಾಡಿದ್ಲು. ಗೌರಮ್ಮ ಬಗ್ಗಿ ಪರದೆ ಹತ್ರ ಮುಖ ತಗೊಂಡು ಹೋದ್ಲು. ಅವಳಿಗೆ ಮ್ಯಾಪ್ ನೋಡಿ ಅಭ್ಯಾಸ ಇಲ್ಲ, ದೇವಸ್ಥಾನ ಎಲ್ಲಿ, ಆಲದಮರ ಎಲ್ಲಿ ಅಂತ ಕೇಳಿದ್ಲು. ಶಿಲ್ಪಮ್ಮ ದೇವಸ್ಥಾನ ತೋರಿಸಿದ್ಲು. ಗೌರಮ್ಮ ಅಲ್ಲಿಂದ ಚುಕ್ಕಿವರೆಗೂ ಬೆರಳಲ್ಲಿ ಗೆರೆ ಎಳೆದ್ಲು. ಲೇಔಟ್ ಆಗೋಕೆ ಮುಂಚೆ ಅಲ್ಲಿ ನಮ್ಮ ರಾಗಿ ಹೊಲ ಇತ್ತು. ಬುತ್ತಿ ಹೊತ್ಕೊಂಡು ಅವಳು ದಿನಾ ಓಡಾಡಿದ ದಾರಿ.

"ಇದು ಏರು. ಬುತ್ತಿ ಹೊತ್ಕೊಂಡು ಹತ್ತೋವಾಗ ಎದೆ ಒಡೆಯೋ ಅಂಥ ಏರು. ನೀರು ಏರು ಹತ್ತಲ್ಲ."

ಅಷ್ಟು ಹೇಳಿ ಪರದೆ ಮೇಲಿಂದ ಕಣ್ಣು ತೆಗೀದೆ ಹಾಗೇ ನಿಂತ್ಲು. ಚುಕ್ಕಿ ಆ ಏರು ಹತ್ತಿ ಇನ್ನೂ ಮೇಲಕ್ಕೆ ಹೋಯ್ತು. ಏನೋ ಎಳೀತಾ ಇದೆ. ನೀರಲ್ಲ, ಬೇರೆ ಏನೋ.

ಫೋನ್ ಹೊಡ್ಕೊಂತು. ಕೆಂಪರಾಜು ಏನೋ ಹೇಳಕ್ಕೆ ಹೋಗಿ ಆಗ್ದೆ ಅಳಕ್ಕೆ ಶುರು ಮಾಡ್ದ. ನನ್ನ ಪ್ರಾಣ ಆ ರೂಮಿನ ಸೂರಿಗೆ ಹೋಗಿ ತಗುಲಿ ವಾಪಸ್ ಬಂತು. ಆಮೇಲೆ ಹೇಳ್ದ. ಇಂಜಿನ್‌ಗೆ ನೀರು ನುಗ್ಗಿ ವ್ಯಾನು ನಿಂತುಹೋಗಿತ್ತು. ಮರೆಪ್ಪ ಮಕ್ಕಳನ್ನ ಸೀಟಿನ ಮೇಲೆ ನಿಲ್ಲಿಸಿ, ತಾನು ನೀರಿಗಿಳಿದು, ಆಗ್ಲೇ ಅವನ ಫೋನು ನೀರು ಕುಡಿದಿದ್ದು, ದಾರೀಲಿ ಬಂದ ನೀರಿನ ಟ್ಯಾಂಕರಿಗೆ ಅಡ್ಡ ನಿಂತು, ಹಗ್ಗ ಕಟ್ಟಿ ವ್ಯಾನ್ ಎಳೆಸ್ಕೊಂಡು ಬರ್ತಿದ್ದ. ಟ್ಯಾಂಕರ್ ಕ್ಲೀನರನ್ನ ವ್ಯಾನಿನ ಸ್ಟೀರಿಂಗಿಗೆ ಕೂರಿಸಿ, ತಾನು ಮುಂದೆ ನಡ್ಕೊಂಡು, ಕೋಲಲ್ಲಿ ಗುಂಡಿ ಚುಚ್ಚಿ ನೋಡ್ತಾ ಬರ್ತಿದ್ದ. ಅದಕ್ಕೇ ನಡಿಗೆ ವೇಗ. ಇಡೀ ಬೆಂಗಳೂರು ಟ್ಯಾಂಕರಿಗೆ ಬೈಯುತ್ತೆ, ಆವತ್ತು ನಾನು ಆ ಟ್ಯಾಂಕರ್ ಚಕ್ರಕ್ಕೆ ಅಡ್ಡಬೀಳಕ್ಕೆ ತಯಾರಿದ್ದೆ.

ಮಗೂಗೆ ಕೊಡು ಅಂದೆ. ಬಿಂದುಶ್ರೀ ಫೋನ್ ತಗೊಂಡು, ತಾತ ನಾವು ಟ್ಯಾಂಕರಿಗೆ ಬಾಲ ಆಗಿದ್ದೀವಿ, ನಾನು ಕಿಟಕೀಲಿ ನೋಡ್ಬೇಕು, ಇಡ್ಲಾ ಅಂತ ಕೇಳಿ ನಾನು ಹೂಂ ಅನ್ನೋಕೆ ಮುಂಚೇನೇ ಇಟ್ಟುಬಿಟ್ಲು. ಮೇಘಶ್ರೀಗೆ ಫೋನ್ ಮಾಡಿ ಪಾಪು ಸಿಕ್ತಮ್ಮ ಅಂದೆ. ಸಿಕ್ತು ಅಂದ್ರೆ ಏನು ಮಾವ, ಕಳೆದಿತ್ತಾ ಅಂದ್ಲು.

ಶಿಲ್ಪಮ್ಮ ಎದ್ದು ಬರಲಿಲ್ಲ. ಎಲ್ಲಾ ವ್ಯಾನೂ ಮನೆ ಸೇರೋವರೆಗೂ ಈ ರೂಮಿಗೆ ಯಾರೂ ಕಾಲಿಡಬೇಡಿ, ಒಂದೇ ಕಾಲಲ್ಲಿ ನಿಂತಿದೆ ಪಾಪ ಅಂದ್ಲು. ಗೌರಮ್ಮ ಏನಾದ್ರೂ ಹೇಳ್ತಾಳೇನೋ ಅಂತ ನೋಡ್ದೆ. ಅವಳು ಶಿಲ್ಪಮ್ಮನ ತಲೆ ಮೇಲೆ ಒಂದ್ಸಲ ಕೈ ಇಟ್ಟು ತೆಗೆದು, ಸೆರಗು ತಲೆ ಮೇಲೆ ಎಳ್ಕೊಂಡು ಸೀದಾ ಗೇಟಿಗೆ ಹೋದ್ಲು. ಛತ್ರಿ ತಗೊಳ್ಳೇ ಅಂದೆ, ಕೇಳಿಸ್ಕೊಳ್ಳಲಿಲ್ಲ.

ಟ್ಯಾಂಕರ್ ನಮ್ಮ ಬೀದಿಗೆ ತಿರುಗಿದಾಗ ಅದರ ದೀಪ ಎರಡು ಸೂರ್ಯ ಹುಟ್ಟಿದ ಹಾಗಿತ್ತು. ಹಿಂದೆ ಹಗ್ಗ, ಹಗ್ಗದ ತುದೀಲಿ ಹಳದಿ ವ್ಯಾನು, ಮುಂದೆ ಮರೆಪ್ಪ ಕೆಸರಲ್ಲಿ ಅದ್ದಿದ ಹಾಗೆ ನಡ್ಕೊಂಡು ಬರ್ತಿದ್ದ. ಗೌರಮ್ಮ ನೀರಲ್ಲೇ ಹೋಗಿ ವ್ಯಾನಿನ ಬಾಗಿಲು ತೆಗೆದು ಮಗೂನ ಎತ್ಕೊಂಡ್ಲು. ಅವಳಿಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕೂ ನನ್ನ ಭುಜ ಹಿಡೀತಾಳೆ. ಆವತ್ತು ಯಾರ ಭುಜಾನೂ ಹಿಡೀಲಿಲ್ಲ. ಕೆಳಗಿಳಿಸು ಅಜ್ಜಿ ಅಂತ ಮಗು ಕೊಸರಾಡ್ತು, ಅವಳು ಇಳಿಸಲಿಲ್ಲ. ಮಗು ಅಜ್ಜಿ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ ನೋಡ್ತು.

"ಅಜ್ಜೀ, ನೀರಲ್ಲಿ ಸಿಕ್ಕಾಕೊಂಡಿದ್ದು ನಾನು. ನೀನ್ಯಾಕೆ ನಡುಗ್ತಿದ್ದೀಯಾ?"